ಅಲೆಗೆ ಜಗ್ಗದ ಎಂಜಿನ್ ಹೊಂಡಕ್ಕೆ ಜಗ್ಗುತ್ತದೆ

ಮಿನ್ನೆಸೋಟಾದಲ್ಲಿ ಮೇ ತಿಂಗಳ ನಡುವಿನ ಒಂದು ಶನಿವಾರ ವಾಲೈ ಮೀನಿನ ಹಂಗಾಮು ಶುರುವಾಗುತ್ತದೆ. ಅದರ ಹಿಂದಿನ ದಿನ ಸಂಜೆ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ ಯಾವ ರಸ್ತೆ ನೋಡಿದರೂ ಪಿಕಪ್ ಗಾಡಿಗಳ ಸಾಲು, ಗಾಡಿಗಳ ಬೆನ್ನಿಗೆ ಟ್ರೇಲರ್ ಮೇಲೆ ಕುಳಿತ ದೋಣಿಗಳು. ಕೆಲವು ವರ್ಷಗಳ ಹಿಂದೆ ಆ ಸಾಲಿನಲ್ಲಿ ನನ್ನದೂ ಒಂದಿತ್ತು. 16 ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೆ 40 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಮಿಲ್ ಲ್ಯಾಕ್ಸ್ ಸರೋವರಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಒಂದು ಸಣ್ಣ ಊರಿನ ರೈಲು ಹಳಿ ದಾಟಿದೆ. ಹಿಂದಿನಿಂದ ಟಣ್ ಎಂದು ಒಂದು ಸದ್ದು ಬಂತು. ಅದರ ಬೆನ್ನಿಗೇ, ಸಲಿಕೆಯನ್ನು ಸಿಮೆಂಟಿನ ಮೇಲೆ ಎಳೆದಂಥ ಕರಕರ.

ಬದಿಗೆ ನಿಲ್ಲಿಸಿ ಓಡಿದೆ. ಮನೆಯಿಂದ ಹೊರಡುವಾಗ ಬಾಲ ಎತ್ತಿ ನಿಲ್ಲಿಸಿದ್ದ ಎಂಜಿನ್ ಈಗ ನೇರ ಕೆಳಗಿಳಿದು ತೂಗುತ್ತಿತ್ತು. ಅದರ ಅತಿ ಕೆಳಗಿನ ರೆಕ್ಕೆ, ಸ್ಕೆಗ್ ಎನ್ನುತ್ತಾರಲ್ಲ, ಅದರ ಮೂಲೆ ಒಂದು ಬೆರಳಿನ ಅಗಲ ಸವೆದುಹೋಗಿತ್ತು. ಕಪ್ಪು ಬಣ್ಣ ಕಿತ್ತು ಒಳಗಿನ ಅಲ್ಯೂಮಿನಿಯಂ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮುಟ್ಟಿದರೆ ಇನ್ನೂ ಬಿಸಿ.

ಆಗಿದ್ದಿಷ್ಟು. ನನ್ನ ಎಂಜಿನ್ನಿನ ಹೈಡ್ರಾಲಿಕ್ ಹಳೆಯದಾಗಿತ್ತು. ಎತ್ತಿ ನಿಲ್ಲಿಸಿದರೆ ಮೆಲ್ಲಗೆ ಇಳಿಯುತ್ತಿತ್ತು. ಅದು ಗೊತ್ತಿದ್ದೂ, ಎಂಜಿನ್ನಿಗೆ ಕಂಪನಿಯೇ ಕೊಟ್ಟಿರುವ ಸಣ್ಣ ಟಿಲ್ಟ್ ಲಿವರನ್ನು ತಿರುಗಿಸಿ ಅದರ ಮೇಲೆ ಭಾರ ಕೂರಿಸಿ ಹೊರಟಿದ್ದೆ. ದಾರಿಯಲ್ಲಿ ಯಾವುದೋ ಕುಲುಕಿಗೆ ಲಿವರ್ ಜಾರಿದೆ, ಎಂಜಿನ್ ಮೆಲ್ಲಗೆ ಇಳಿಯುತ್ತ ಬಂದಿದೆ, ರೈಲು ಹಳಿಯ ಉಬ್ಬು ಬಂದಾಗ ನೆಲ ತಾಕಿದೆ. ಆ ವಾರಾಂತ್ಯ ಮೀನು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಕೈಪಿಡಿ ಓದಿದೆ. ಮೊದಲೇ ಓದಬೇಕಿದ್ದ ಮಾತು ಅದರಲ್ಲಿ ನೇರವಾಗಿತ್ತು: ದೋಣಿ ಎಳೆದುಕೊಂಡು ಹೋಗುವಾಗ ಟಿಲ್ಟ್ ಲಿವರನ್ನು ಬಳಸಬೇಡಿ. ಯಮಹಾ ಕೈಪಿಡಿಯೂ ಇದನ್ನೇ ಹೇಳುತ್ತದೆ, ಮರ್ಕ್ಯುರಿ ಕೈಪಿಡಿಯೂ ಇದನ್ನೇ ಹೇಳುತ್ತದೆ. ಆ ಲಿವರ್ ಇರುವುದು ದೋಣಿ ದಡದಲ್ಲಿ ಕಟ್ಟಿ ನಿಂತಿರುವಾಗ ಎಂಜಿನ್ ಮೇಲಿರಲಿ ಎಂದು, ರಸ್ತೆಗಲ್ಲ.

ನೀರಿಗಾಗಿ ಹುಟ್ಟಿದ ಯಂತ್ರ

ಔಟ್‌ಬೋರ್ಡ್ ಎಂಜಿನ್ ದೋಣಿಯ ಒಳಗಿರುವುದಿಲ್ಲ, ಹಿಂಬದಿಯ ಹಲಗೆಗೆ ನೇತುಬಿದ್ದಿರುತ್ತದೆ. ಆ ಹಲಗೆಗೆ ಟ್ರಾನ್ಸಮ್ ಎಂದು ಹೆಸರು. ತಲೆಯಲ್ಲಿ ಮುಚ್ಚಳದ ಕೆಳಗೆ ಎಂಜಿನ್, ನಡುವೆ ಉದ್ದನೆಯ ಕಾಲು, ಕೆಳತುದಿಯಲ್ಲಿ ಗೇರ್‌ಕೇಸ್. ಗೇರ್‌ಕೇಸಿಗೆ ಪ್ರೊಪೆಲ್ಲರ್, ನಮ್ಮ ಕರಾವಳಿಯ ಮೀನುಗಾರರ ಬಾಯಲ್ಲಿ ಫ್ಯಾನು. ಅದಕ್ಕೂ ಕೆಳಗೆ ಸ್ಕೆಗ್. ಈ ಇಡೀ ದೇಹ ಟ್ರಾನ್ಸಮಿನ ತುದಿಯಲ್ಲಿರುವ ಒಂದು ಅಡ್ಡ ಕೊಳವೆಯ ಸುತ್ತ ಬಾಗಿಲಿನ ತಿರುಗಣಿಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ನೀರು ಆಳವಿಲ್ಲದ ಕಡೆ ಬಾಲ ಎತ್ತಲಿಕ್ಕೆ, ದಿಮ್ಮಿಗೆ ಬಡಿದರೆ ಹಿಂದಕ್ಕೆ ನೆಗೆದು ತಪ್ಪಿಸಿಕೊಳ್ಳಲಿಕ್ಕೆ ಆ ತಿರುಗಣಿ ಬೇಕೇ ಬೇಕು.

1909ರಲ್ಲಿ ಓಲೆ ಎವಿನ್‌ರೂಡ್ ಇಲ್ಲಿಗೆ ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಮಾರಾಟಕ್ಕೆಂದು ಮಾಡಿದ ಔಟ್‌ಬೋರ್ಡ್ ಒಂದೂವರೆ ಎಚ್‌ಪಿಯದು, ತೂಕ ಸುಮಾರು 28 ಕೆ.ಜಿ. ಅದನ್ನು ದಡಕ್ಕೆ ಬಂದ ಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಿತ್ತು. ಎಂಜಿನನ್ನು ದೋಣಿಯಲ್ಲೇ ಬಿಟ್ಟು ರಸ್ತೆಯ ಮೇಲೆ ಎಳೆಯುವ ಪ್ರಶ್ನೆ ಆಗ ದೊಡ್ಡದಾಗಿರಲಿಲ್ಲ. ಇಂದಿನ 40 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್ ಒಂದು ಕ್ವಿಂಟಾಲಿನ ಹತ್ತಿರ ತೂಗುತ್ತದೆ. ಮರ್ಕ್ಯುರಿಯ 115 ಎಚ್‌ಪಿ ಎಂಜಿನ್ 163 ಕೆ.ಜಿ. ಇವನ್ನು ಬೋಲ್ಟ್ ಹಾಕಿ ಕೂರಿಸಿದರೆ ಮತ್ತೆ ತೆಗೆಯುವುದು ಮೆಕ್ಯಾನಿಕ್ಕೇ.

ನೀರಿನಲ್ಲಿ ಎಂಜಿನ್ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಆ ನೂಕು ಒಂದೇ ಸಮನಾದದ್ದು, ಟ್ರಾನ್ಸಮಿಗೆ ಒತ್ತಿ ಕೂರುವಂಥದ್ದು. ಅಲೆ ಬಂದರೂ ಕೆಳಗೆ ನೀರಿನ ಮೆತ್ತೆ ಇದೆ. ರಸ್ತೆಯಲ್ಲಿ ನೂಕು ಇಲ್ಲ, ಬರೀ ಕುಲುಕು. ಅದೂ ಮೇಲೆ ಕೆಳಗೆ, ಸಾವಿರಾರು ಸಲ, ಗಂಟೆಗಟ್ಟಲೆ. ಮಿನ್ನೆಸೋಟಾದ ರಸ್ತೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ವಸಂತದಲ್ಲಿ ಕರಗಿ, ಮೇ ಹೊತ್ತಿಗೆ ಹೊಂಡ ಬಿದ್ದಿರುತ್ತವೆ. ಮೀನು ಹಿಡಿಯುವವರು ಹೊರಡುವುದೂ ಆಗಲೇ.

ಒನಕೆಯ ಲೆಕ್ಕ

ಎಂಜಿನ್ ಎತ್ತಿದರೆ ಅದರ ಭಾರ ಹಿಂದಕ್ಕೆ ಹೋಗಿ ಟ್ರಾನ್ಸಮ್ ಮುರಿಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ನಿಂತ ಗಾಡಿಯಲ್ಲಿ ಅದು ಅಷ್ಟು ಸರಿಯಲ್ಲ. ಬಾಲ ಹಿಂದಕ್ಕೆ ಮೇಲಕ್ಕೆ ಹೋದಾಗ, ಭಾರವಾದ ತಲೆ ದೋಣಿಯ ಒಳಕ್ಕೆ ಬಾಗುತ್ತದೆ. ಒಟ್ಟು ತೂಕ ಬಹುಮಟ್ಟಿಗೆ ಸರಿದೂಗುತ್ತದೆ. ತೊಂದರೆ ಶುರುವಾಗುವುದು ಗಾಡಿ ಕುಲುಕಿದಾಗ.

ಒಂದು ಒನಕೆಯನ್ನು ಒಂದೇ ಕೈಯಲ್ಲಿ ನೆಟ್ಟಗೆ ಹಿಡಿದು ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿ. ತೋಳಿಗೆ ಭಾರ ತಿಳಿಯುತ್ತದೆ, ಮಣಿಕಟ್ಟಿಗೆ ಏನೂ ಆಗುವುದಿಲ್ಲ. ಈಗ ಅದೇ ಒನಕೆಯನ್ನು ಅಡ್ಡಲಾಗಿ, ನಡುವಿಗಿಂತ ತುಸು ಈಚೆ ಹಿಡಿದು ಅಷ್ಟೇ ಜೋರಾಗಿ ಕುಲುಕಿ. ಉದ್ದನೆಯ ತುದಿ ತನ್ನಷ್ಟಕ್ಕೆ ಬೀಸುತ್ತದೆ, ಮಣಿಕಟ್ಟು ತಿರುಚುತ್ತದೆ. ತೂಕ ಬದಲಾಗಿಲ್ಲ, ಹಿಡಿದ ಕೈಯೂ ಅದೇ. ಒನಕೆ ನಿಂತ ದಿಕ್ಕು ಬದಲಾಗಿದೆ, ಅಷ್ಟೇ.

ಎಂಜಿನ್ನಿನ ಮಣಿಕಟ್ಟು ಅದರ ಹೈಡ್ರಾಲಿಕ್ ಸಿಲಿಂಡರ್. ದೊಡ್ಡ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಮೂರು ರಾಡ್ ಇರುತ್ತವೆ. ಎರಡು ದಪ್ಪ ಗಿಡ್ಡ ರಾಡುಗಳು ಟ್ರಿಮ್‌ಗೆ, ಅಂದರೆ ಓಡುವಾಗ ಎಂಜಿನ್ನಿನ ಕೋನವನ್ನು ಚೂರು ಚೂರೇ ಹೊಂದಿಸಲು. ನಡುವಿನ ಉದ್ದ ರಾಡ್ ಟಿಲ್ಟ್‌ಗೆ, ಪೂರ್ತಿ ಮೇಲಕ್ಕೆ ಎತ್ತಲು. ಒಂದು ಮಟ್ಟ ದಾಟಿ ಎತ್ತಿದರೆ ಆ ಎರಡು ಗಿಡ್ಡ ರಾಡುಗಳು ಎಂಜಿನ್ನಿನಿಂದ ಬಿಟ್ಟುಕೊಳ್ಳುತ್ತವೆ. ಮುಂದಿನದೆಲ್ಲ ಒಂದೇ ಉದ್ದ ರಾಡಿನ ಹೊಣೆ. ಅದು ಕೂತಿರುವುದೂ ತಿರುಗಣಿಯ ತೀರ ಹತ್ತಿರ. ಬಾಲದ ತುದಿ ಒಂದು ಇಂಚು ಅಲುಗಿದರೂ ಅದರ ಏಟೆಲ್ಲ ಆ ಸಣ್ಣ ಜಾಗಕ್ಕೆ ಕೂಡಿಕೊಂಡು ಬರುತ್ತದೆ. 163 ಕೆ.ಜಿ.ಯ ಎಂಜಿನ್ನು ಹೊಂಡಕ್ಕೆ ಬಿದ್ದು ಏಳುವ ಒಂದು ಕ್ಷಣ ಮೂರು ಪಟ್ಟು ತೂಗಿತು ಎಂದುಕೊಳ್ಳಿ. ಆ ಕ್ಷಣಕ್ಕೆ ಅದು ಸುಮಾರು 490 ಕೆ.ಜಿ.ಯ ವಸ್ತು. ರಾಡಿನ ಸೀಲು ಹೀಗೆ ಏಟು ತಿನ್ನುತ್ತ ತಿನ್ನುತ್ತ ಸೋರತೊಡಗುತ್ತದೆ. ನನ್ನ ಎಂಜಿನ್ನು ನಿಂತಲ್ಲೇ ಇಳಿಯಲು ಕಲಿತದ್ದು ಹೀಗೇ ಇರಬೇಕು.

ಸಿಲಿಂಡರಿನಿಂದ ಏಟು ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಬೋಲ್ಟುಗಳ ಮೂಲಕ ಟ್ರಾನ್ಸಮಿಗೆ ಹೋಗುತ್ತದೆ. ಬಹಳಷ್ಟು ದೋಣಿಗಳ ಟ್ರಾನ್ಸಮಿನ ಒಳಗೆ ಪ್ಲೈವುಡ್ ಇದೆ, ಮೇಲೆ ಫೈಬರ್ ಅಥವಾ ಅಲ್ಯೂಮಿನಿಯಂ ಹೊದಿಕೆ. ಬೋಲ್ಟಿನ ತೂತಿನಿಂದ ನೀರಿಳಿದು ಪ್ಲೈವುಡ್ ಕೊಳೆತಿದ್ದರೆ ಹೊರಗೆ ಕಾಣುವುದಿಲ್ಲ. ಹಳೆಯ ದೋಣಿ ಕೊಳ್ಳುವವರು ಎರಡು ಕೆಲಸ ಮಾಡಬೇಕು. ಸುತ್ತಿಗೆಯ ಹಿಡಿಕೆಯಿಂದ ಟ್ರಾನ್ಸಮನ್ನು ಉದ್ದಕ್ಕೂ ಬಡಿಯಿರಿ. ಗಟ್ಟಿ ಮರ ಠಣಕ್ ಎನ್ನುತ್ತದೆ, ಕೊಳೆತದ್ದು ಬೂದುಗುಂಬಳ ಬಡಿದ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ಎಂಜಿನ್ನಿನ ಗೇರ್‌ಕೇಸಿಗೆ ಕೈಕೊಟ್ಟು ಮೇಲೆ ಕೆಳಗೆ ಅಲ್ಲಾಡಿಸುತ್ತ, ಇನ್ನೊಬ್ಬರಿಗೆ ಟ್ರಾನ್ಸಮಿನ ಮೂಲೆಗಳನ್ನು ನೋಡಲು ಹೇಳಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಾಯಿ ತೆರೆದರೆ, ಆ ದೋಣಿಗೆ ಯಾವ ಆಸರೆ ಕೊಟ್ಟೂ ಪ್ರಯೋಜನವಿಲ್ಲ. ಮೊದಲು ಟ್ರಾನ್ಸಮ್ ರಿಪೇರಿ.

ಎತ್ತಬೇಕೋ, ಇಳಿಸಬೇಕೋ

ಯಮಹಾ ಕೈಪಿಡಿಯ ಸಲಹೆ ಓದಿದಾಗ ನನಗೆ ಆಶ್ಚರ್ಯವಾಯಿತು. ಎಂಜಿನ್ ನೀರಿನಲ್ಲಿ ಓಡುವಾಗ ಹೇಗಿರುತ್ತದೋ ಹಾಗೆಯೇ, ನೆಟ್ಟಗೆ ಇಳಿಸಿಯೇ ರಸ್ತೆಯಲ್ಲಿ ಒಯ್ಯಬೇಕು. ನೆಲಕ್ಕೆ ಸಾಕಷ್ಟು ಅಂತರ ಇಲ್ಲದಿದ್ದರೆ ಮಾತ್ರ ಎತ್ತಿ, ಆಗ ಅದಕ್ಕೆ ಬೇರೆ ಆಸರೆ ಕೊಡಬೇಕು. ರಸ್ತೆಯಲ್ಲಿ ಕಾಣುವ ದೋಣಿಗಳೆಲ್ಲ ಬಾಲ ಎತ್ತಿಕೊಂಡೇ ಹೋಗುವುದರಿಂದ ಎತ್ತುವುದೇ ಕ್ರಮ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಎರಡನೆಯ ದಾರಿ.

ಹಾಗಾಗಿ ಮೊದಲ ಕೆಲಸ ಅಳತೆ. ಟ್ರೇಲರನ್ನು ಗಾಡಿಗೆ ಕಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ಇಳಿಸಿ, ಸ್ಕೆಗ್ಗಿನಿಂದ ನೆಲಕ್ಕೆ ಎಷ್ಟಿದೆ ನೋಡಿ. ನೋಡಿದ ಮೇಲೆ ಮನೆಯ ಮುಂದಿನ ಇಳಿಜಾರನ್ನೂ, ದಾರಿಯ ರೈಲು ಹಳಿಯನ್ನೂ, ಪೆಟ್ರೋಲ್ ಬಂಕಿನ ಉಬ್ಬನ್ನೂ ನೆನಪಿಸಿಕೊಳ್ಳಿ. ಎಂಜಿನ್ ಇರುವುದು ಚಕ್ರಗಳಿಗಿಂತ ಎಷ್ಟೋ ಹಿಂದೆ. ಗಾಡಿಯ ಮೂತಿ ಏರಿದಾಗ ಬಾಲ ಇಳಿಯುತ್ತದೆ. ಸಮನೆಲದಲ್ಲಿ ಒಂದು ಗೇಣು ಇದ್ದದ್ದು ಇಳಿಜಾರಿನ ಬುಡದಲ್ಲಿ ಸೊನ್ನೆಯಾಗಬಹುದು. ಎತ್ತರದ ಟ್ರೇಲರ್ ಮೇಲಿನ ದೊಡ್ಡ ದೋಣಿಗೆ ಜಾಗ ಸಾಕಾಗುತ್ತದೆ, ಅವರು ಇಳಿಸಿಯೇ ಹೋಗಲಿ. ನನ್ನಂಥ ತಗ್ಗು ಟ್ರೇಲರಿನ ಸಣ್ಣ ದೋಣಿಯವರು ಎತ್ತಲೇಬೇಕು.

ಎತ್ತಿದ ಮೇಲೆ ಆಸರೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಹಳೆಯ ಉಪಕರಣ ಟ್ರಾನ್ಸಮ್ ಸೇವರ್ ಎಂಬ ಕಂಬಿ. ಒಂದು ತುದಿ ಟ್ರೇಲರಿನ ಹಿಂದಿನ ರೋಲರಿಗೆ ಅಥವಾ ಅಡ್ಡಪಟ್ಟಿಗೆ ಕೂರುತ್ತದೆ, ಇನ್ನೊಂದು ತುದಿ ಕವೆಗೋಲಿನಂತೆ ಕವಲೊಡೆದು ರಬ್ಬರ್ ಹೊದ್ದು ಗೇರ್‌ಕೇಸನ್ನು ಹಿಡಿಯುತ್ತದೆ. ಫಲ ತೂಗಿದ ಬಾಳೆಗೆ ಕೊಡುವ ಊರುಗೋಲು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಲದ ಕುಲುಕು ರಾಡಿಗೆ ಹೋಗುವ ಬದಲು ಕಂಬಿಯ ಮೂಲಕ ಟ್ರೇಲರಿನ ಚೌಕಟ್ಟಿಗೆ ಇಳಿಯಲಿ ಎಂಬುದು ಲೆಕ್ಕ. ಹೆಸರು ಟ್ರಾನ್ಸಮ್ ಉಳಿಸುವುದು ಎಂದಿದ್ದರೂ, ಅದು ಮೊದಲು ಉಳಿಸುವುದು ಹೈಡ್ರಾಲಿಕ್ಕನ್ನು ಎಂದು ನನ್ನ ಅಭಿಪ್ರಾಯ.

ಕೂರಿಸುವ ಬಗೆ ಹೀಗೆ. ಎಂಜಿನನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಿ. ಕಂಬಿಯ ಕೆಳತುದಿಯನ್ನು ಟ್ರೇಲರಿಗೆ ಸಿಕ್ಕಿಸಿ, ಅದರ ಪಿನ್ನು ಹಾಕಿ. ಕವೆಯನ್ನು ಗೇರ್‌ಕೇಸಿನ ಕೆಳಗೆ, ಫ್ಯಾನಿಗೂ ಸ್ಕೆಗ್ಗಿನ ಅಂಚಿಗೂ ತಾಗದ ಹಾಗೆ ಹೊಂದಿಸಿ. ಈಗ ಟಿಲ್ಟ್ ಗುಂಡಿ ಒತ್ತಿ ಎಂಜಿನನ್ನು ಇಳಿಸುತ್ತ ಬನ್ನಿ. ಕವೆಯ ಮೇಲೆ ಭಾರ ಕೂತ ತಕ್ಷಣ ಕಂಬಿ ಅಲುಗುವುದು ನಿಲ್ಲುತ್ತದೆ, ಮೋಟಾರಿನ ಗುಂಯ್ ಸದ್ದು ತುಸು ದಪ್ಪವಾಗುತ್ತದೆ. ಅಲ್ಲಿಗೆ ಬಿಡಬೇಕು. ಇನ್ನೂ ಒತ್ತಿದರೆ ಹೈಡ್ರಾಲಿಕ್ಕಿನ ಬಲ ಎಂಥದೆಂದರೆ ಅದು ದೋಣಿಯ ಹಿಂಬದಿಯನ್ನೇ ಟ್ರೇಲರಿನಿಂದ ಎತ್ತಲು ನೋಡುತ್ತದೆ. ಕೊನೆಗೆ ರಬ್ಬರ್ ಪಟ್ಟಿಯಿಂದ ಗೇರ್‌ಕೇಸನ್ನೂ ಕವೆಯನ್ನೂ ಸೇರಿಸಿ ಕಟ್ಟಿ. ಎಂಜಿನ್ ಮೇಲೆ ನೆಗೆದರೆ ಕಂಬಿ ಕಳಚಿ ಬೀಳದಂತೆ ಈ ಪಟ್ಟಿ ಕಾಯುತ್ತದೆ, ಸ್ಟಿಯರಿಂಗ್ ಎಡಕ್ಕೆ ಬಲಕ್ಕೆ ಹೊಯ್ದಾಡದಂತೆಯೂ ತಡೆಯುತ್ತದೆ. ಇಷ್ಟೆಲ್ಲ ಮಾಡುವಾಗ ಎತ್ತಿದ ಎಂಜಿನ್ನಿನ ಕೆಳಗೆ ತಲೆ ಹಾಕಬೇಡಿ. ಕಂಬಿ ಇದ್ದರೂ ಹಾಕಬೇಡಿ. ಪಕ್ಕದಲ್ಲಿ ನಿಂತೇ ಕೆಲಸ ಮಾಡಬಹುದು.

ಇಲ್ಲಿ ಒಂದು ವಾದವಿದೆ, ಅದನ್ನು ಮುಚ್ಚಿಡಬಾರದು. ಕಂಬಿ ಕೆಟ್ಟದ್ದು ಎನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. ಟ್ರೇಲರ್ ಬೇರೆ ರೀತಿ ಕುಣಿಯುತ್ತದೆ, ದೋಣಿ ಬೇರೆ ರೀತಿ ಕುಣಿಯುತ್ತದೆ, ನಡುವೆ ಬಿಗಿಯಾದ ಕಂಬಿ ಇಟ್ಟರೆ ಟ್ರೇಲರಿನ ಪ್ರತಿ ಏಟೂ ನೇರ ಗೇರ್‌ಕೇಸಿಗೆ ಬಡಿಯುತ್ತದೆ ಎನ್ನುವುದು ಅವರ ಮಾತು. ಮಾತು ಸರಿ, ಆದರೆ ದೋಣಿ ಟ್ರೇಲರ್ ಮೇಲೆ ಸಡಿಲವಾಗಿದ್ದರೆ. ನಾನು ಮಾಡಿದ ಎರಡನೆಯ ತಪ್ಪು ಅದೇ ಆಗಿತ್ತು. ಮುಂದಿನ ವಿಂಚ್ ಪಟ್ಟಿ ಬಿಗಿದರೆ ದೋಣಿ ನಿಂತಿತು ಎಂದುಕೊಂಡಿದ್ದೆ. ಮೂತಿ ಕಟ್ಟಿದ ದೋಣಿಯ ಬಾಲ ಹೊಂಡ ಬಂದಾಗಲೆಲ್ಲ ನೆಗೆದು ಬೀಳುತ್ತದೆ, ಎಂಜಿನ್ ಇರುವುದು ಆ ಬಾಲದಲ್ಲಿಯೇ. ಟ್ರಾನ್ಸಮಿನ ಎರಡೂ ಬದಿಯಲ್ಲಿರುವ ಕೊಂಡಿಗಳಿಂದ ಟ್ರೇಲರಿನ ಹಿಂದಿನ ಚೌಕಟ್ಟಿಗೆ ಎರಡು ಅಗಲದ ರ‍್ಯಾಚೆಟ್ ಬೆಲ್ಟ್ ಹಾಕಿ, ಬೆರಳಿನಿಂದ ಮೀಟಿದರೆ ತಂತಿಯಂತೆ ಮಿಡಿಯುವಷ್ಟು ಬಿಗಿಯಬೇಕು. ಮುಂದೆ ವಿಂಚ್ ಪಟ್ಟಿಯ ಜೊತೆಗೆ ಒಂದು ಸರಪಳಿಯೂ ಇರಲಿ. ಆಗ ದೋಣಿ, ಟ್ರೇಲರ್, ಎಂಜಿನ್ ಮೂರೂ ಒಂದೇ ಮೈಯಾಗಿ ಕುಲುಕುತ್ತವೆ. ಒಂದಕ್ಕೊಂದು ಬಡಿದುಕೊಳ್ಳುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದನ್ನು ನೀವು ಮಾಡುವುದಾದರೆ ಹಿಂದಿನ ಆ ಎರಡು ಬೆಲ್ಟುಗಳನ್ನು ಹಾಕಿ. ಕಂಬಿಯ ವಿಚಾರ ಅದರ ನಂತರ.

ದೋಣಿಯ ಹೊಟ್ಟೆ ಕೂರುವ ಉದ್ದ ಹಲಗೆಗಳಿಗೆ ಬಂಕ್ ಎನ್ನುತ್ತಾರೆ. ಅವು ಟ್ರಾನ್ಸಮಿನ ಕೆಳಗಿನವರೆಗೂ ಬಂದಿವೆಯೇ ನೋಡಿ. ನಾಲ್ಕಾರು ಇಂಚು ಮುಂದೆಯೇ ನಿಂತಿದ್ದರೆ ಎಂಜಿನ್ನಿನ ಭಾರವೆಲ್ಲ ಗಾಳಿಯಲ್ಲಿ ತೂಗುತ್ತದೆ. ವರ್ಷಗಳ ಮೇಲೆ ತಳ ಅಲ್ಲಿ ಬಾಗಿ ದೋಣಿ ನೀರಿನಲ್ಲೂ ಮೊದಲಿನಂತೆ ಓಡುವುದಿಲ್ಲ.

ಕಂಬಿಯ ಬದಲು ಇನ್ನೊಂದು ಬಗೆಯ ಆಸರೆಯೂ ಇದೆ: ಹೈಡ್ರಾಲಿಕ್ ರಾಡಿನ ಮೇಲೆಯೇ ಕೂರುವ ದಪ್ಪ ಬೆಣೆ. ಎಂಜಿನ್ ಎತ್ತಿ, ಹೊರಬಂದ ರಾಡಿಗೆ ಬೆಣೆ ತೊಡಿಸಿ, ಎಂಜಿನನ್ನು ಅದರ ಮೇಲೆ ಇಳಿಸುವುದು. ಎಂಜಿನ್ ಟ್ರೇಲರನ್ನು ಮುಟ್ಟುವುದೇ ಇಲ್ಲವಾದ್ದರಿಂದ ಮೇಲಿನ ವಾದಕ್ಕೆ ಇಲ್ಲಿ ಜಾಗವಿಲ್ಲ. ಹಾಕುವುದು ತೆಗೆಯುವುದು ಸುಲಭ. ಆದರೆ ಎಂಜಿನ್ನಿನ ಮಾದರಿಗೆ ಸರಿಹೊಂದುವುದನ್ನೇ ತರಬೇಕು. ಬಾಲದ ಭಾರ ಕೊನೆಗೂ ಟ್ರಾನ್ಸಮಿಗೇ ಹೋಗುತ್ತದೆ ಎಂಬುದೂ ನೆನಪಿರಲಿ. ಗಟ್ಟಿಮುಟ್ಟಾದ ಹೊಸ ದೋಣಿಗೆ ಬೆಣೆ ಸಾಕು. ನನ್ನದು ಹಳೆಯ ದೋಣಿ, ನಾನು ಕಂಬಿಯನ್ನೇ ನೆಚ್ಚಿಕೊಂಡಿದ್ದೇನೆ.

ನೀರು ಬಸಿಯುವುದು

ಸರೋವರದಿಂದ ದೋಣಿ ಮೇಲೆ ಬಂದ ತಕ್ಷಣ, ದೋಣಿ ಇಳಿಸುವ ಇಳಿಜಾರಾದ ರ‍್ಯಾಂಪಿನಿಂದ ಆಚೆ ಸಮನೆಲಕ್ಕೆ ಎಳೆದು, ಎಂಜಿನನ್ನು ಪೂರ್ತಿ ಕೆಳಗಿಳಿಸಿ. ಎತ್ತಿದ ಎಂಜಿನ್ನಿನ ಹೊಟ್ಟೆಯಲ್ಲಿ ತಂಪುಗೊಳಿಸುವ ನೀರು ನಿಂತಿರುತ್ತದೆ. ನೆಟ್ಟಗಾದರೆ ಮಾತ್ರ ಅದು ಸೋರಿಹೋಗುತ್ತದೆ. ಮಿನ್ನೆಸೋಟಾದಲ್ಲಿ ಇದು ಕಾನೂನೂ ಹೌದು. ಸರೋವರ ಬಿಟ್ಟು ಹೊರಡುವ ಮೊದಲು ನೀರೆಲ್ಲ ಬಸಿಯಬೇಕು, ದೋಣಿಯ ತಳದ ಬಿರಡೆ ತೆಗೆಯಬೇಕು, ರಸ್ತೆಯುದ್ದಕ್ಕೂ ಬಿರಡೆ ತೆಗೆದೇ ಇರಬೇಕು. ಕಾರಣ ಜೀಬ್ರಾ ಮಸಲ್ ಎಂಬ, ನಮ್ಮ ಕಡೆಯ ನೀಲಿಕಲ್ಲನ್ನು ಹೋಲುವ, ಉಗುರಿನಷ್ಟೇ ಗಾತ್ರದ ಚಿಪ್ಪುಜೀವಿ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡದ್ದು ಈಗ ಮಿನ್ನೆಸೋಟಾದ ಎಷ್ಟೋ ಸರೋವರಗಳಲ್ಲಿ ಕಲ್ಲು, ಕಂಬ, ಪೈಪು ಎಲ್ಲದಕ್ಕೂ ಮೆತ್ತಿಕೊಂಡಿದೆ. ಅದರ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಎಂಜಿನ್ನಿನಲ್ಲಿ ಉಳಿದ ಒಂದು ಲೋಟ ನೀರು ಅದಕ್ಕೆ ಪ್ರಯಾಣದ ಗಾಡಿ. ಫ್ಯಾನಿಗೆ ಸುತ್ತಿಕೊಂಡ ಜೊಂಡನ್ನೂ ಅಲ್ಲೇ ಬಿಡಿಸಿ ಹಾಕಬೇಕು.

ಇಳಿಸಿದ್ದನ್ನು ಮತ್ತೆ ಎತ್ತಲು ಮರೆಯಬಾರದು. ಸುಸ್ತಾದ ಸಂಜೆಯಲ್ಲಿ ನೀರು ಬಸಿದು ಹಾಗೇ ಹೊರಟುಬಿಡುವ ತಪ್ಪು ಎಷ್ಟು ಸುಲಭ ಎಂದು ಇಲ್ಲಿನ ರ‍್ಯಾಂಪುಗಳ ಬಾಯಲ್ಲಿ ಸಿಮೆಂಟಿನ ಮೇಲೆ ಬಿದ್ದಿರುವ ಗೀರುಗಳು ತೋರಿಸುತ್ತವೆ.

ಉಳಿದವು ಚಿಕ್ಕ ಕೆಲಸಗಳು, ಒಂದೊಂದಕ್ಕೂ ಅರ್ಧ ನಿಮಿಷ. ಎಂಜಿನ್ ಮುಚ್ಚಳದ ಚಿಲಕ ಬಿದ್ದಿದೆಯೇ ಕೈಯಿಂದ ಎತ್ತಿ ನೋಡಿ. ಹೆದ್ದಾರಿಯ ಗಾಳಿಗೆ ಮುಚ್ಚಳ ಹಾರಿದರೆ ಹಿಂದಿನ ಗಾಡಿಯ ಗಾಜಿಗೆ ಹೋಗುತ್ತದೆ. ಮನೆಯಲ್ಲಿ ಹೊದಿಸುವ ಬಟ್ಟೆಯ ಗವಸು ರಸ್ತೆಗೆ ಬೇಡ, ಅದು ಪಟಪಟ ಬಡಿದು ಬಣ್ಣ ಉಜ್ಜಿಹಾಕುತ್ತದೆ. ಎಳೆಯುವಾಗ ಹಾಕಲೆಂದೇ ಮಾಡಿದ ಬಿಗಿ ಗವಸು ಬೇರೆ ಇದೆ. ಬಿಡಿ ಇಂಧನ ಟ್ಯಾಂಕಾದರೆ ಗಾಳಿ ತೂತಿನ ಸ್ಕ್ರೂ ಮುಚ್ಚಿ, ಪೈಪು ಕಳಚಿ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಟ್ಯಾಂಕು ಕಂಠಪೂರ್ತಿ ಬೇಡ. ಫ್ಯಾನಿಗೆ ಕೆಂಪು ಚೀಲ ತೊಡಿಸಿ. ಎತ್ತಿದ ಫ್ಯಾನು ಪಾರ್ಕಿಂಗ್ ಜಾಗದಲ್ಲಿ ಸರಿಯಾಗಿ ಮಗುವಿನ ಮುಖದ ಮಟ್ಟಕ್ಕಿರುತ್ತದೆ. ಟ್ರೇಲರಿನ ಹಿಂದಿನ ದೀಪಗಳನ್ನು ಎಂಜಿನ್ ಮರೆಮಾಡಿಲ್ಲ ಎಂದು ಒಮ್ಮೆ ಹಿಂದೆ ನಿಂತು ನೋಡಿ.

ಬಿಚ್ಚಿ ಒಯ್ಯುವ ಎಂಜಿನ್

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಅಲ್ಲಿ ದೋಣಿಯನ್ನು ರಸ್ತೆಯಲ್ಲಿ ಎಳೆಯುವವರನ್ನು ನಾನು ಕಂಡಿರಲಿಲ್ಲ. ನಾಡದೋಣಿ ಮರಳ ಮೇಲೆ ಉಳಿಯುತ್ತಿತ್ತು, ಎಂಜಿನ್ ಮಾತ್ರ ಮನೆಗೆ ಬರುತ್ತಿತ್ತು. ದೊಡ್ಡಪ್ಪಯ್ಯ ಅದನ್ನು ಮಿಷನ್ ಎನ್ನುತ್ತಿದ್ದರು. ಇಬ್ಬರು ಹಿಡಿದು ತರುವಾಗ ನಾನು ಬಾಲದ ಕಡೆ ಕೈ ಹಾಕಿ ಹೆಚ್ಚು ಎತ್ತಿಬಿಟ್ಟರೆ ಅವರು ಕೂಗುತ್ತಿದ್ದರು: “ಮಾಣಿ, ಮಿಷನ್ ತಲಿ ಕೆಳ್ಗ್ ಮಾಡ್ಬೇಡ, ನೀರ್ ಒಳ್ಗ್ ಹೋತ್ತ್!” ಆಗ ಅರ್ಥವಾಗಿರಲಿಲ್ಲ. ಎಂಜಿನ್ನಿನ ಉದ್ದ ಕಾಲಿನೊಳಗೆ ಹೊಗೆ ಹೋಗುವ ದಾರಿಯಿದೆ, ಅದರಲ್ಲಿ ನೀರು ಉಳಿದಿರುತ್ತದೆ. ತಲೆ ತಗ್ಗಾದರೆ ಆ ನೀರು ಹಿಂದಕ್ಕೆ ಹರಿದು ಸಿಲಿಂಡರಿಗೇ ಸೇರಬಹುದು. ಕಂಪನಿಯ ಕೈಪಿಡಿಯಲ್ಲಿ ನಾನು ಇದನ್ನು ಓದಿದ್ದು ಮೂವತ್ತು ವರ್ಷಗಳ ಮೇಲೆ.

ಕೈಯಿಂದ ಎತ್ತಬಹುದಾದ ಚಿಕ್ಕ ಎಂಜಿನ್ ಆದರೆ ಬಿಚ್ಚಿ ಒಯ್ಯುವುದೇ ಒಳ್ಳೆಯದು. ಟ್ರಾನ್ಸಮಿಗೆ ಎರಡು ಕೈತಿರುಪಿನಿಂದ ಕಚ್ಚಿಕೊಂಡಿರುವ ಎಂಜಿನ್ ರಸ್ತೆಯ ಕುಲುಕಿಗೆ ತಿರುಪು ಸಡಿಲಿಸಿಕೊಂಡು ಬಿದ್ದೇಹೋಗಬಹುದು. ಬಿಚ್ಚಿದ ಮೇಲೆ ಮೊದಲು ನೆಟ್ಟಗೆ ನಿಲ್ಲಿಸಿ ನೀರು ಸೋರಲು ಬಿಡಿ. ಮಲಗಿಸಲೇಬೇಕಾದರೆ ತಲೆ ಯಾವಾಗಲೂ ಫ್ಯಾನಿಗಿಂತ ಮೇಲಿರಲಿ, ಕೆಳಗೆ ದಪ್ಪ ಗೋಣಿ ಇರಲಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಅಷ್ಟೇ ಸಾಕು. ಫೋರ್ ಸ್ಟ್ರೋಕ್ ಆದರೆ ಒಳಗೆ ಆಯಿಲ್ ಬೇರೆ ಇದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಅದು ಸಿಲಿಂಡರಿಗೆ ನುಗ್ಗುತ್ತದೆ, ಮರುದಿನ ಎಂಜಿನ್ ಹತ್ತುವುದಿಲ್ಲ. ಯಾವ ಮಗ್ಗುಲು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿಯಲ್ಲಿ ಚಿತ್ರವಿರುತ್ತದೆ.

ಕರ್ನಾಟಕದಲ್ಲಿ ಈ ಮಾತು ಅತಿ ಮುಖ್ಯವಾಗುವುದು ನೆರೆಯ ಕಾಲದಲ್ಲಿ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳು ಮುಳುಗಿದಾಗ ಜನರನ್ನು ಕರೆತಂದದ್ದು ಇಂಥ ಎಂಜಿನ್ ಕಟ್ಟಿದ ರಬ್ಬರ್ ದೋಣಿಗಳು. ರಕ್ಷಣಾ ತಂಡದವರು ಇದನ್ನು ಓಬಿಎಂ ಎನ್ನುತ್ತಾರೆ. ರಬ್ಬರ್ ದೋಣಿ ಮಡಚಿ, ಎಂಜಿನ್ ಬೇರೆ ಮಾಡಿ ಲಾರಿಯಲ್ಲಿ ರಾತ್ರಿಯಿಡೀ ಸಾಗಿಸುವಾಗ, ಹಗ್ಗ, ಜಾಕೆಟ್, ಜನರೇಟರುಗಳ ನಡುವೆ ಎಂಜಿನ್ ಎಲ್ಲೋ ಒಂದು ಮೂಲೆಯಲ್ಲಿ ಉರುಳಾಡಬಾರದು. ಲಾರಿಯ ಪಕ್ಕದ ಹಲಗೆಗೆ ಒಂದು ಗಟ್ಟಿ ಮರದ ತುಂಡು ಬಿಗಿದು, ಎಂಜಿನನ್ನು ದೋಣಿಗೆ ಕಚ್ಚಿಸುವ ಹಾಗೆಯೇ ಅದಕ್ಕೆ ನೆಟ್ಟಗೆ ಕಚ್ಚಿಸಿ, ನಡುವಿಗೆ ಒಂದು ಬೆಲ್ಟ್ ಸುತ್ತಿದರೆ ಮುಗಿಯಿತು. ನೀರಂಚಿಗೆ ಹೋಗಿ ಹಗ್ಗ ಎಳೆದಾಗ ಎಂಜಿನ್ ಮೊದಲ ಎಳೆತಕ್ಕೇ ಹತ್ತಬೇಕಾದ ಕೆಲಸ ಅದು.

ಈಗ ನಾನು ಹೊರಡುವ ಕ್ರಮ ಬೇರೆ. ಹದಿನೈದು ಕಿಲೋಮೀಟರ್ ಹೋದ ಮೇಲೆ ಒಂದು ಕಡೆ ನಿಲ್ಲಿಸುತ್ತೇನೆ. ಬೆಲ್ಟುಗಳು ಮೊದಲ ಕುಲುಕಿಗೆ ತಮ್ಮ ಜಾಗ ಹುಡುಕಿಕೊಂಡು ತುಸು ಸಡಿಲವಾಗಿರುತ್ತವೆ, ಇನ್ನೊಂದು ಹಲ್ಲು ಬಿಗಿಯುತ್ತೇನೆ. ಗೇರ್‌ಕೇಸಿನ ಮೇಲೆ ಅಂಗೈ ಇಟ್ಟು ಒತ್ತುತ್ತೇನೆ. ಒತ್ತಿದರೆ ಇಡೀ ಟ್ರೇಲರ್ ಸ್ಪ್ರಿಂಗಿನ ಮೇಲೆ ತಗ್ಗಬೇಕು, ಎಂಜಿನ್ ಮಾತ್ರ ತಗ್ಗಬಾರದು. ರ‍್ಯಾಂಪ್ ತಲುಪಿದ ಮೇಲೆ ಬೆಲ್ಟ್, ಕಂಬಿ ಎರಡನ್ನೂ ತೆಗೆದು ಗಾಡಿಯೊಳಗೆ ಹಾಕಿ, ಬಿರಡೆ ಹಾಕಿ, ಎಂಜಿನ್ ಎತ್ತಿದ ಹಾಗೆಯೇ ಹಿಂದಕ್ಕೆ ಬಿಡುತ್ತೇನೆ. ಇಳಿಸುವುದು ದೋಣಿ ತೇಲಿದ ಮೇಲೆ.

ಸ್ಕೆಗ್ಗಿಗೆ ಬೆಸುಗೆ ಹಾಕಿಸಿದೆ, ಹೈಡ್ರಾಲಿಕ್ ಸೀಲು ಬದಲಿಸಿದೆ. ಬಣ್ಣವನ್ನೂ ಬಳಿದಿದ್ದೇನೆ, ಬರಿಯ ಅಲ್ಯೂಮಿನಿಯಂ ನೀರಿನಲ್ಲಿ ತಿಂದುಹೋಗುತ್ತದೆ. ಭಾನುವಾರ ರಾತ್ರಿ ಮನೆ ಸೇರಿದ ಮೇಲೆ ಕಂಬಿ ತೆಗೆದು ಎಂಜಿನನ್ನು ನೆಟ್ಟಗೆ ಇಳಿಸಿಯೇ ಬಾಗಿಲು ಹಾಕುತ್ತೇನೆ. ಎತ್ತಿಟ್ಟರೆ ಫ್ಯಾನಿನ ನಡುವಿನ ಹೊಗೆದಾರಿಯಲ್ಲಿ ಮಳೆನೀರೋ ಹಿಮವೋ ಸೇರಿ, ಹೆಪ್ಪುಗಟ್ಟಿದ್ದರ ಹಿಗ್ಗಿಗೆ ಗೇರ್‌ಕೇಸ್ ಒಡೆಯುತ್ತದೆ. ಸರೋವರದ ದಡದಲ್ಲಿ ಎಷ್ಟೇ ಬಸಿದಿದ್ದರೂ, ಇಳಿಸಿದ ಕೂಡಲೇ ಇನ್ನೂ ಅರ್ಧ ಲೋಟ ನೀರು ಸಿಮೆಂಟಿನ ಮೇಲೆ ಸೋರುತ್ತದೆ.